ಸಿದ್ದರಾಜುವಿನ ಚಪ್ಪಾಳೆ ಮತ್ತು ನನ್ನ ವಿದೇಶಾಂಗ ನೀತಿ

ಹೊಟ್ಟೆಕಿಚ್ಚಿಗೆ ಔಷಧಿ ಇಲ್ಲ ಅನ್ನುತ್ತಾರೆ. ಇದ್ದರೂ ನಾನು ತೆಗೆದುಕೊಳ್ಳುತ್ತಿರಲಿಲ್ಲ. ಈಚೆಗೆ ನನಗೆ ಬೆಳಿಗ್ಗೆ ಎಚ್ಚರವಾಗುವುದೇ ಅದರಿಂದ. ಮದ್ದೂರಿನ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ರಾಜ್ಯಶಾಸ್ತ್ರ ಹೇಳುತ್ತಿದ್ದೇನೆ. ಅದರಲ್ಲೂ ರಚನಾವಾದ ನನ್ನ ಸ್ವಂತ ಆಸ್ತಿ. ದೇಶದೇಶಗಳ ಹಗೆ, ಸ್ನೇಹ ಹುಟ್ಟಿನಿಂದ ಬಂದದ್ದಲ್ಲ. ‘ನಾವು ಇಂಥವರು, ಅವರು ಅಂಥವರು’ ಎಂದು ಭಾಷಣದಲ್ಲಿ, ಪತ್ರಿಕೆಯಲ್ಲಿ, ಪಠ್ಯದಲ್ಲಿ ಹೇಳಿ ಹೇಳಿಯೇ ರಾಷ್ಟ್ರದ ಗುರುತು ಕಟ್ಟುತ್ತಾರೆ, ವಿದೇಶಾಂಗ ನೀತಿ ಅದರ ಬೆನ್ನಿಗೇ ಬರುತ್ತದೆ ಎನ್ನುವ ವಾದ. ಇದನ್ನು ನಾನು ಹೇಳಿದಾಗಲೆಲ್ಲ ಹಿಂದಿನ ಬೆಂಚು ನಿದ್ದೆ ಮಾಡಿದೆ, ಮುಂದಿನ ಬೆಂಚು ಮರ್ಯಾದೆಗೆ ಕಣ್ಣು ಬಿಟ್ಟುಕೊಂಡಿದೆ.

ಹೋದ ವರ್ಷ ಕೊತ್ತತ್ತಿ ಕಡೆಯ ಸಿದ್ದರಾಜು ಹೊಸ ಮೇಷ್ಟ್ರಾಗಿ ಬಂದ. ಒಂದು ದಿನ ಅವನ ಕ್ಲಾಸಿನ ಕಿಟಕಿ ಪಕ್ಕ, ಅಕಸ್ಮಾತ್ತಾಗಿ, ಅರ್ಧ ಗಂಟೆ ನಿಂತಿದ್ದೆ. “ನಾಲೆ ಮೇಲ್ಗಡೆ ಊರೋರು ನೀರ್‌ಗಳ್ರು ಕಣ್ಲಾ ಅನ್ನೋರು ನಮ್ಮಪ್ಪ. ನಾನೂ ಅಂದೆ, ಅವರಲ್ಲಿ ಒಬ್ಬನ್ ಮೊಕಾನೂ ನೋಡಿರ್ನಿಲ್ಲ. ಆಮೇಲೆ ನಮ್ಮಕ್ಕನ್ನ ಅದೇ ಊರ್ಗೆ ಕೊಟ್ವು. ಈಗ ನಮ್ಮಪ್ಪ, ‘ಪಾಪ, ಅವರ್ಗೂ ಗದ್ದೆ ಅದೆ, ಬುಡ್ಲಾ’ ಅಂತಾರೆ. ನೀರು ಮಾತ್ರ ಆಗೆಷ್ಟು ಬರ್ತಿತ್ತೋ ಈಗ್ಲೂ ಅಷ್ಟೇ ಬರ್ತದೆ. ಬದ್ಲಾಗಿದ್ದು ಮಾತು. ದೇಸದ್ ಕತೇನೂ ಇಷ್ಟೆಯ” ಅಂದ. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ! ಅದನ್ನು ಮನೆಗೆ ಬಂದು ಹೊಟ್ಟೆ ಉರಿಯಿಂದ ಹೇಳಿಕೊಂಡರೆ, ಮಳವಳ್ಳಿಯವಳಾದ ನನ್ನ ಹೆಂಡತಿ, “ಎಷ್ಟ್ ಚೆಂದಾಗ್ ಏಳವ್ರೆ! ನಿಮಗ್ಯಾಕೆ ಇಂಗ್ ಏಳಕ್ ಬರಕ್ಕಿಲ್ಲ?” ಎಂದಳು. ಅವತ್ತು ನಾನು ಊಟದಲ್ಲಿ ಎರಡನೇ ಮುದ್ದೆ ಬೇಡ ಅಂದೆ. ಅವಳು ಬಲವಂತವನ್ನೂ ಮಾಡಲಿಲ್ಲ.

ಮಂಡ್ಯದಲ್ಲಿ ರಚನಾವಾದದ ಬಗ್ಗೆಯೇ ಒಂದು ವಿಚಾರ ಸಂಕಿರಣ ನಿಗದಿಯಾಯಿತು. ಅಂಥ ವೇದಿಕೆಯ ಮೇಲೆ ಒಂದು ಸಲವಾದರೂ ಕೂರಬೇಕೆಂಬುದು ನನ್ನ ಬಹುದಿನದ ಆಸೆ. ಹೇಗೂ ಸಿದ್ದರಾಜುವನ್ನೇ ಕರೆಯುತ್ತಾರೆ ಎಂದುಕೊಂಡು ಸ್ಟಾಫ್ ರೂಮಿನಲ್ಲಿ ಮೊದಲೇ ನೀತಿ ಘೋಷಿಸಿಬಿಟ್ಟೆ: “ನಾವು ಓದಿ ಬಂದವರು, ಅವನು ನಾಲೆ ಏರಿ ಮೇಲಿಂದ ಎದ್ದು ಬಂದವನು. ಅವನಿರುವ ವೇದಿಕೆಗೆ ನಾನು ಕಾಲಿಡುವುದಿಲ್ಲ.” ದಿನಕ್ಕೆರಡು ಸಲ, ಕಾಫಿ ಹೊತ್ತಿಗೆ, ತಪ್ಪದೆ ಹೇಳಿದೆ. ಆಮೇಲೆ ತಿಳಿಯಿತು, ಕರೆದದ್ದು ಇಬ್ಬರನ್ನೂ. ನನ್ನ ಹೆಸರು ಸೂಚಿಸಿದವನು ಸಿದ್ದರಾಜುವೇ. ಪ್ರಿನ್ಸಿಪಾಲರು ನನ್ನ ಮಾತಿಗೆ ಬೆಲೆ ಕೊಟ್ಟು ಆ ಹೆಸರನ್ನು ಹೊಡೆದುಹಾಕಿದ್ದರು. ನನ್ನ ಸರ್ವಿಸಿನಲ್ಲಿ ಅವರು ನನ್ನ ಮಾತು ಕೇಳಿದ್ದು ಅದೊಂದೇ ಸಲ.

ಮಂಡ್ಯಕ್ಕೆ ಹೊರಡುವ ಮುನ್ನ ಸಿದ್ದರಾಜು ನನ್ನ ಮೇಜಿನ ಹತ್ತಿರ ಬಂದ. “ಸಾರ್, ನಾಲೆ ಕತೆ ಅಳೇದಾಯ್ತು. ಮಾತ್ನಲ್ಲೇ ದ್ವೇಸ ಎಂಗ್ ಕಟ್ತಾರೆ ಅನ್ನಕ್ಕೆ ನಮ್ ಸ್ಟಾಫ್ ರೂಮಿನ್ ಕತೇನೇ ಏಳಾನ ಅಂತಿವ್ನಿ. ಬೇಜಾರ್ ಮಾಡ್ಕಬ್ಯಾಡಿ, ನಿಮ್ ಎಸ್ರು ಏಳಕ್ಕಿಲ್ಲ.”

ಆ ಉದಾಹರಣೆಗೂ ಚಪ್ಪಾಳೆ ಬೀಳುವುದು ಖಂಡಿತ. ನನ್ನ ಹೊಟ್ಟೆ ಇನ್ನೊಮ್ಮೆ ಉರಿಯಿತು.

“ಹೆಸರೂ ಹೇಳಪ್ಪ,” ಅಂದೆ, “ಇನಿಷಿಯಲ್ ಸಮೇತ ಹೇಳು.”