ಮುಂದಿನ ಗಾಲಿಯ ಕಪ್ಪು

ಮನೆಯಲ್ಲಿ ಏನೇ ಕೆಟ್ಟರೂ, ಚೆಲ್ಲಿದರೂ, ಹೊಲಸಾದರೂ ಅದನ್ನು ಸರಿಮಾಡುವುದಕ್ಕಿಂತ ಮೊದಲು ಅದು ಯಾರಿಂದ ಆಯಿತು ಎಂದು ಗೊತ್ತುಮಾಡಿಕೊಳ್ಳುವುದು ನನ್ನ ಸ್ವಭಾವ. ಹಾಲು ಉಕ್ಕಿ ಒಲೆಯ ಮೇಲೆ ಹರಿಯುತ್ತಿದ್ದರೂ ನಾನು ಒಲೆ ಆರಿಸುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಇದನ್ನು ಇಟ್ಟವರು ಯಾರು ಎಂದು ಕೇಳುತ್ತೇನೆ. ಬಹಳ ವರ್ಷ ಸರ್ಕಾರಿ ಗುಮಾಸ್ತಿಕೆ ಮಾಡಿದವನಿಗೆ ಈ ಗುಣ ರಕ್ತದಲ್ಲಿಯೇ ಇಳಿದಿರುತ್ತದೆ. ತಪ್ಪು ಯಾರದೆಂದು ಮೊದಲು ನಿರ್ಧರಿಸಿ, ಆಮೇಲೆ ವಿಚಾರಣೆ ಆರಂಭಿಸಿದರೆ ಎಷ್ಟೋ ಶ್ರಮ ಉಳಿಯುತ್ತದೆ ಎಂಬುದು ನಾನು ಅನುಭವದಿಂದ ಕಂಡುಕೊಂಡ ಸತ್ಯ. ನನ್ನ ಹೆಂಡತಿ ಅನ್ನಪೂರ್ಣಾ ಹನುಮಸಾಗರದಲ್ಲಿ ಶಾಲಾ ಶಿಕ್ಷಕಿ. ಅವಳು ಒಲೆ ಆರಿಸಿ, ಕಟ್ಟೆ ಒರೆಸಿ, ಉಳಿದ ಹಾಲಿನಲ್ಲಿ ಚಹಾ ಮಾಡಿ ತಂದುಕೊಟ್ಟ ಮೇಲೂ ನನ್ನ ವಿಚಾರಣೆ ಮುಗಿದಿರುವುದಿಲ್ಲ. "ಹಾಲಿಗೇ ಒಂದು ನೋಟಿಸ್ ಕೊಟ್ಟುಬಿಡ್ರಿ" ಎನ್ನುತ್ತಾಳೆ. ಇಂಥವನ ಕೈಗೆ ಒಂದು ಕಾರು ಬಂತು.

ನಮ್ಮ ಮನೆ ಇರುವುದು ಕುಷ್ಟಗಿಯಲ್ಲಿ. ನನ್ನ ಕಚೇರಿ ಯಲಬುರ್ಗಾದಲ್ಲಿ, ಅವಳ ಶಾಲೆ ಹನುಮಸಾಗರದಲ್ಲಿ. ಹೀಗಾಗಿ ಮದುವೆಯಾದಂದಿನಿಂದ ನನ್ನ ಬಸ್ಸು ಒಂದು ಕಡೆ, ಅವಳ ಬಸ್ಸು ಇನ್ನೊಂದು ಕಡೆ. ಗಂಗಾವತಿಯ ಅಕ್ಕಿ ವ್ಯಾಪಾರಿಯೊಬ್ಬರು ದೊಡ್ಡ ಕಾರು ಕೊಂಡು ತಮ್ಮ ಸಣ್ಣ ಕಾರನ್ನು ಮಾರುತ್ತಾರೆಂದು ತಿಳಿದು ನೋಡಲು ಹೋದೆವು. ಎತ್ತು ಕೊಳ್ಳುವವರು ಹಲ್ಲು ನೋಡುತ್ತಾರೆ. ನಾನು ಗಾಲಿ ನೋಡಿದೆ. ಬೆಳ್ಳಿಯ ತಟ್ಟೆಯ ಹಾಗೆ ಹೊಳೆಯುವ ಅಲಾಯ್ ಗಾಲಿಗಳು. ಎಂಜಿನ್ ಇದೆಯೋ ಇಲ್ಲವೋ ಎಂದು ಕೂಡ ವಿಚಾರಿಸದೆ ಒಪ್ಪಿಕೊಂಡೆ. ಇಬ್ಬರೂ ಓಡಿಸಲು ಕಲಿತೆವು. ಲೈಸನ್ಸ್ ಪರೀಕ್ಷೆಯಲ್ಲಿ ಅವಳು ಮೊದಲ ಸಲಕ್ಕೇ ಪಾಸಾದಳು. ನಾನು ಎರಡನೆಯ ಸಲಕ್ಕೆ ಆದೆ, ಏಕೆಂದರೆ ಮೊದಲ ದಿನ ಬಿಸಿಲು ಬಹಳ ಇತ್ತು.

ಕಾರು ಬಂದಮೇಲೆ ಅದನ್ನು ಯಾರು ಒಯ್ಯಬೇಕು ಎಂಬ ಪ್ರಶ್ನೆ ಸಹಜವಾಗಿಯೇ ಎದ್ದಿತು. ಉತ್ತರವೂ ಅಷ್ಟೇ ಸಹಜವಾಗಿ ನನ್ನ ಬಾಯಿಂದ ಬಂತು. ಕೆಲಸದ ದಿನ ನನಗೆ, ಭಾನುವಾರ ಊರ ಹೊರಗಿನ ರಸ್ತೆಯಲ್ಲಿ ಒಂದಿಷ್ಟು ಅಭ್ಯಾಸಕ್ಕೆ ಅವಳಿಗೆ. ಅವಳ ಬಸ್ಸು ಹೇಗಿರುತ್ತದೆಂದು ನನಗೆ ಗೊತ್ತಿಲ್ಲದ ಮಾತಲ್ಲ. ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದು ಕೈಯಲ್ಲಿ ತಿದ್ದಿದ ಉತ್ತರಪತ್ರಿಕೆಗಳ ಕಟ್ಟು ಹಿಡಿದು ಹನುಮಸಾಗರದವರೆಗೆ ನಿಂತೇ ಹೋಗುತ್ತಾಳೆ. ಸಂಜೆ ಬಂದು ಪಾದ ಒತ್ತಿಕೊಳ್ಳುತ್ತ, ವಾರದಲ್ಲಿ ಅರ್ಧ ದಿನವಾದರೂ ಕಾರು ತನಗೆ ಬೇಕೆಂದು ಕೇಳಿದಳು. ಇನ್ನೂ ಕೈ ಕೂತಿಲ್ಲ, ರಸ್ತೆ ಸರಿಯಿಲ್ಲ, ವಿಷಯ ಪರಿಶೀಲನೆಯಲ್ಲಿದೆ ಎಂದೆ. ಪರಿಶೀಲನೆ ಎಂಬ ಮಾತಿನ ಆಯುಷ್ಯ ಎಷ್ಟೆಂಬುದು ಅವಳಿಗೂ ಗೊತ್ತಿದ್ದುದರಿಂದ ಮಾರನೆಯ ದಿನ ಮತ್ತೆ ಬಸ್ಸು ಹಿಡಿದಳು.

ಆಗ ಶುರುವಾಯಿತು ಗಾಲಿಯ ಕಪ್ಪು. ಕಾರು ಬಂದ ವಾರದೊಳಗೆ ಮುಂದಿನ ಎರಡೂ ಗಾಲಿಗಳು ಹೆಂಚಿನ ತಳದ ಬಣ್ಣಕ್ಕೆ ಬಂದವು. ನನ್ನ ಸ್ವಭಾವದಂತೆ ತಪ್ಪಿತಸ್ಥರನ್ನು ಕೂಡಲೇ ಗುರುತಿಸಿದೆ. ಇದು ಯಲಬುರ್ಗಾದ ಎರೆಮಣ್ಣು. ಆ ಕಡೆಯ ಮಣ್ಣೇ ಹಾಗೆ, ಹಿಡಿದರೆ ಬಿಡುವುದಿಲ್ಲ, ನಮ್ಮ ಸಾಹೇಬರ ಹಾಗೆ. ನಳ ಯಾವಾಗ ಬರುತ್ತದೆಂದು ಊರಿಗೆ ಊರೇ ಕಾಯುತ್ತಿರುವಾಗ ನಾನು ಬಕೀಟುಗಟ್ಟಲೆ ನೀರು ಗಾಲಿಗೆ ಸುರಿದೆ. ಮಣ್ಣು ಹೋಯಿತು, ಕಪ್ಪು ಉಳಿಯಿತು. ದೇವರ ಸಾಮಾನು ತಿಕ್ಕುವ ಹುಣಸೆಹಣ್ಣು ತಂದು ತಿಕ್ಕಿದೆ. ಹಿತ್ತಾಳೆಗೆ ಹೊಳಪು ಕೊಡುವ ಹುಣಸೆ ಅಲಾಯ್ ಗಾಲಿಗೆ ಮಂಕು ಬಡಿಸಿತು. ತಲೆಗೆ ಹಾಕುವ ಶಾಂಪೂ ಹಾಕಿದೆ. ಹಳೆಯ ಹಲ್ಲಿನ ಬ್ರಷ್ಷಿನಿಂದ ಸಂದಿ ಸಂದಿ ಉಜ್ಜಿದೆ. ಆ ಬ್ರಷ್ಷು ನಿಜವಾಗಿಯೂ ಹಳೆಯದಾಗಿತ್ತೇ ಎಂಬ ವಿವಾದ ನಮ್ಮ ಮನೆಯಲ್ಲಿ ಇನ್ನೂ ಇತ್ಯರ್ಥವಾಗಿಲ್ಲ.

ಅನ್ನಪೂರ್ಣಾ ಬಾಗಿಲಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದಳು. ಹಿಂದಿನ ಗಾಲಿಗಳ ಹತ್ತಿರ ಬಗ್ಗಿ ಬೆರಳಿಟ್ಟು ನೋಡಿದಳು. ಅವು ಗಂಗಾವತಿಯಿಂದ ಬಂದಾಗ ಹೇಗಿದ್ದವೋ ಹಾಗೆಯೇ ಬೆಳ್ಳಗಿದ್ದವು.

"ಯಲಬುರ್ಗಾ ಮಣ್ಣಂತೀರಿ. ಹಿಂದಿನ ಗಾಲಿ ಬ್ಯಾರೆ ದಾರೀಲೆ ಬರ್ತಾವೇನ್ರಿ?" ಎಂದಳು.

ಶಿಕ್ಷಕಿಯರನ್ನು ಮದುವೆಯಾಗುವುದರಲ್ಲಿ ಇರುವ ತೊಂದರೆ ಇದು. ಪ್ರಶ್ನೆ ಕೇಳುವುದು ಅವರಿಗೆ ಅಭ್ಯಾಸ. ಉತ್ತರ ಗೊತ್ತಿಲ್ಲದವರು ಬೆಂಚಿನ ಮೇಲೆ ನಿಲ್ಲಬೇಕಾಗುತ್ತದೆ. ನಾನು ನಿಲ್ಲದೆ ಒಳಗೆ ಹೋದೆ.

ನಮ್ಮ ಕಡೆ ಅಮಾವಾಸ್ಯೆ ಬಂದರೆ ಗಾಡಿ ತೊಳೆದು ಪೂಜೆ ಮಾಡುವುದು ರೂಢಿ. ಅನ್ನಪೂರ್ಣಾ ಬಾನೆಟ್ಟಿಗೆ ವಿಭೂತಿ ಬಳಿದು, ನಾಲ್ಕೂ ಗಾಲಿಗೆ ಮೂರು ಮೂರು ಬೆರಳೆಳೆದು, ಕುಂಕುಮ ಇಟ್ಟು, ಊದುಬತ್ತಿ ಬೆಳಗಿ, ಕಾಯಿ ಒಡೆದಳು. ಆಮೇಲೆ ಅದೇ ಬೆರಳಿನಿಂದ ನನ್ನ ಹಣೆಗೂ ಇಟ್ಟಳು. ನಾನು ಭಕ್ತಿಯಿಂದ ಬಗ್ಗಿ ಹಚ್ಚಿಸಿಕೊಂಡು, ಕನ್ನಡಿ ನೋಡದೆ ಕಚೇರಿಗೆ ಹೊರಟೆ. ಅಂದು ಯಲಬುರ್ಗಾದಲ್ಲಿ ಎಲ್ಲರೂ ನನ್ನನ್ನು ವಿಶೇಷ ಗೌರವದಿಂದ ನೋಡುತ್ತಿರುವಂತೆ ಅನಿಸಿತು. ಅರ್ಜಿ ಹಿಡಿದು ಬಂದ ಅಜ್ಜಿಯೊಬ್ಬಳು ಅರ್ಜಿ ಕೊಡುವ ಮೊದಲು ಕೈಮುಗಿದಳು. ಯಾವ ದೇವರಿಗೆ ಹೋಗಿದ್ದಿರಿ, ನನಗೂ ಒಂದು ಚಿಟಿಕೆ ಅಂಗಾರ ಕೊಡಿ ಎಂದಳು. ಪಕ್ಕದ ಮೇಜಿನ ಖಾದರಸಾಬರು ನನ್ನ ಹಳೆಯ ಗೆಳೆಯರು, ಮಾತಿನಲ್ಲಿ ಬಹಳ ಮರ್ಯಾದಸ್ಥರು. ಅವರು ಮಧ್ಯಾಹ್ನದವರೆಗೆ ತಡೆದುಕೊಂಡು, ಊಟಕ್ಕೆ ಕೂತಾಗ ಮೆಲ್ಲಗೆ, ಮನೆಯಿಂದ ವೈನಿ ದೃಷ್ಟಿಬೊಟ್ಟು ಇಟ್ಟು ಕಳಿಸಿದ್ದಾರೇನು ಎಂದು ಕೇಳಿದರು. ಈ ವಯಸ್ಸಿನಲ್ಲಿ ನಿಮಗೆ ಯಾರ ದೃಷ್ಟಿ ತಗಲುತ್ತದೆ ಎಂಬ ಎರಡನೆಯ ಪ್ರಶ್ನೆಯನ್ನು ಅವರು ಕೇಳಲಿಲ್ಲ, ಮುಖದಲ್ಲಿ ಇತ್ತು. ನಳದ ಕೆಳಗೆ ಹಣೆ ತೊಳೆದುಕೊಂಡೆ. ಬೊಟ್ಟು ಹೋಗಿ ಇಡೀ ಹಣೆ ಕಪ್ಪಾಯಿತು.

ಅಂದೇ ಸಂಜೆ ಕುಷ್ಟಗಿಯ ಗ್ಯಾರೇಜಿಗೆ ಹೋದೆ. ಮಿಸ್ತ್ರಿ ಬೆರಳಿನಿಂದ ಗಾಲಿ ಒರೆಸಿ, ನನ್ನ ಹಣೆಯನ್ನೂ ಒಮ್ಮೆ ನೋಡಿ, ಎರಡೂ ಒಂದೇ ಮಾಲು ಎಂದ. ಬ್ರೇಕ್ ಒತ್ತಿದಾಗಲೆಲ್ಲ ಒಳಗಿನ ಪ್ಯಾಡು ತಿರುಗುವ ಡಿಸ್ಕಿಗೆ ಉಜ್ಜಿ, ಎರಡೂ ಸವೆದು, ಆ ಬಿಸಿ ಪುಡಿ ಬಂದು ಗಾಲಿಗೆ ಅಂಟುತ್ತದಂತೆ. ಗಾಡಿ ನಿಲ್ಲಿಸುವ ಭಾರವೆಲ್ಲ ಹೆಚ್ಚಾಗಿ ಮುಂದಿನ ಗಾಲಿಗಳ ಮೇಲೆಯೇ ಬೀಳುವುದರಿಂದ ಅವು ಕಪ್ಪಾಗುತ್ತವಂತೆ. ಎಷ್ಟು ಬ್ರೇಕೋ ಅಷ್ಟು ಪುಡಿ. ಹೀಗೆ ಹೇಳಿ ಅವನು ಬೇರೆ ಗಾಡಿಯ ಕೆಳಗೆ ನುಸುಳಿದ.

ನನಗಾದ ಆನಂದ ಹೇಳತೀರದು. ಕಪ್ಪು ಹೋಗಲಿ ಬಿಡಲಿ, ಕಾರಣ ಸಿಕ್ಕಿತ್ತು. ಬ್ರೇಕ್ ಜಾಸ್ತಿ ಒತ್ತುವವರು ಯಾರು? ಹೊಸಬರು. ಹೊಸಬರು ಯಾರು? ಭಾನುವಾರ ಓಡಿಸುವವರು. ರಾತ್ರಿ ಊಟಕ್ಕೆ ಕೂತಾಗ ನಾನು ಈ ತೀರ್ಪನ್ನು ರೊಟ್ಟಿ ಮುರಿಯುತ್ತ ಪ್ರಕಟಿಸಿದೆ. ನಿನ್ನ ಕಾಲು ಬ್ರೇಕಿನ ಮೇಲೆಯೇ ಇರುತ್ತದೆ, ಗಾಲಿಯೇ ಸಾಕ್ಷಿ, ಇಂಥ ಸ್ಥಿತಿಯಲ್ಲಿ ಹನುಮಸಾಗರಕ್ಕೆ ಕಾರು ಕೊಡುವುದು ಸಾಧ್ಯವಿಲ್ಲ ಎಂದೆ. ಅವಳು ಪಲ್ಯ ಬಡಿಸುವುದನ್ನು ನಿಲ್ಲಿಸಿದಳು. ಆ ಮುಖ ನೋಡಿ ನನಗೆ ಒಂದು ಗಳಿಗೆ ಕೆಡುಕೆನಿಸಿತು. ಆದರೆ ತೀರ್ಪು ಓದಿಯಾಗಿತ್ತು.

"ಹಂಗಾರ ಈ ಅಮಾಸಿಯಿಂದ ಬರೋ ಅಮಾಸಿ ತನಕ ನಾ ಗಾಡಿ ಮುಟ್ಟೂದಿಲ್ಲ" ಎಂದಳು. "ಗಾಲಿ ಬೆಳ್ಳಗುಳಿದ್ರ ಇನ್ನೆಂದೂ ಚಾವಿ ಕೇಳೂದಿಲ್ಲ. ಕರ್ರಗಾದ್ರ ಮುಂದಿನ ಅಮಾಸಿ ತನಕ ಗಾಡಿ ನನಗ."

ಒಪ್ಪಿಕೊಂಡೆ. ಮಾರನೆಯ ದಿನ ಮಿಸ್ತ್ರಿಯಿಂದ ಗಾಲಿ ಬೆಳ್ಳಗೆ ಮಾಡಿಸಿಕೊಂಡು ಬಂದೆ. ಅಂದಿನಿಂದಲೇ ನನ್ನ ಕಾಲು ನನಗೆ ಕಾಣತೊಡಗಿತು. ಅಲ್ಲಿಯವರೆಗೆ ನಾನು ನನ್ನನ್ನು ಚುರುಕಾದ ಚಾಲಕನೆಂದು ತಿಳಿದಿದ್ದೆ. ಮುಂದೆ ಹಂಪ್ಸ್ ಕಂಡರೆ ಅದು ಓಡಿಹೋಗುತ್ತದೇನೋ ಎಂಬಂತೆ ಅದರ ಕಡೆ ಧಾವಿಸಿ, ಅದರ ಮೂಗಿನ ಮುಂದೆ ಬ್ರೇಕ್ ಒತ್ತುವುದೇ ಚಾಲನೆ ಎಂದುಕೊಂಡಿದ್ದೆ. ದೂರದ ಬದುವಿನ ಮೇಲೆ ಒಂದು ಕುರಿ ರಸ್ತೆ ದಾಟುವ ವಿಚಾರ ಮಾಡುತ್ತಿದ್ದರೂ ನಾನು ಇಲ್ಲಿ ಬ್ರೇಕ್ ಹಾಕುತ್ತಿದ್ದೆ. ಕಚೇರಿಯಲ್ಲಿಯೂ ನನ್ನದು ಅದೇ ಕೆಲಸವಲ್ಲವೇ? ಎಂಥ ಕಡತ ಬಂದರೂ ಮೊದಲು ನಿಲ್ಲಿಸಬೇಕು, ಆಮೇಲೆ ಅದು ಏನೆಂದು ನೋಡಬೇಕು. ಹೊಟ್ಟೆಪಾಡಿನ ವಿದ್ಯೆ ತಲೆಯಲ್ಲಿರುತ್ತದೆ ಎನ್ನುತ್ತಾರೆ. ನನಗೆ ಅದು ಬಲಗಾಲಿಗೆ ಇಳಿದಿತ್ತು. ಒತ್ತಬಾರದು ಒತ್ತಬಾರದು ಎಂದುಕೊಂಡಷ್ಟೂ ಒತ್ತಿದೆ. ವಾರ ಕಳೆಯುವುದರೊಳಗೆ ಗಾಲಿ ಮತ್ತೆ ಹೆಂಚಿನ ತಳವಾಯಿತು.

ಇನ್ನು ಮುಚ್ಚುಮರೆ ಏಕೆ? ನಾನು ಮೋಸ ಮಾಡಿದೆ. ಗ್ಯಾರೇಜಿನಿಂದ ಗಾಲಿಯ ಕಪ್ಪು ತೆಗೆಯುವ ಒಂದು ಸ್ಪ್ರೇ ಡಬ್ಬಿ ತಂದು ಕಚೇರಿಯ ಕಪಾಟಿನಲ್ಲಿಟ್ಟು, ಮಧ್ಯಾಹ್ನ ಎಲ್ಲರೂ ಚಹಾಕ್ಕೆ ಹೋದಾಗ ಬೇವಿನ ಮರದ ಕೆಳಗೆ ಕುಕ್ಕರುಗಾಲಲ್ಲಿ ಕೂತು ಗಾಲಿ ಒರೆಸತೊಡಗಿದೆ. ಖಾದರಸಾಬರು ಒಂದು ದಿನ ಕಿಟಕಿಯಿಂದ ನೋಡಿದರು. ಕಚೇರಿಯಲ್ಲಿ ನೀವು ಇಷ್ಟು ಮನಸ್ಸಿಟ್ಟು ಕೆಲಸ ಮಾಡಿದ್ದನ್ನು ಮೊದಲ ಸಲ ಕಂಡೆ ಎಂದು ಸಂತೋಷಪಟ್ಟರು.

ಅಮಾವಾಸ್ಯೆಯ ಬೆಳಿಗ್ಗೆ ಗಾಲಿಗಳು ಹೊಳೆಯುತ್ತಿದ್ದವು. ನಾನು ಅಂಗಳದಲ್ಲಿ ಕೈಕಟ್ಟಿ ನಿಂತಿದ್ದೆ. ಅನ್ನಪೂರ್ಣಾ ಪೂಜೆಯ ತಟ್ಟೆ ಹಿಡಿದು ಬಂದು, ಮುಂದಿನ ಗಾಲಿಯ ಮೇಲೆ ಬೆರಳಾಡಿಸಿದಳು. ಬೆರಳು ಸ್ವಚ್ಛವಾಗಿಯೇ ಇತ್ತು. ತಟ್ಟೆ ಬಾನೆಟ್ಟಿನ ಮೇಲಿಟ್ಟು ಒಳಗೆ ಹೋದವಳು ಬಚ್ಚಲಿನಿಂದ ಒಂದು ಒದ್ದೆ ಬಟ್ಟೆ ಎರಡು ಬೆರಳಲ್ಲಿ ಹಿಡಿದು ತಂದಳು. ನಾನು ದಿನಾ ಊಟದ ಡಬ್ಬಿಯ ಚೀಲದಲ್ಲಿ ಒಯ್ಯುವ ಕೈವಸ್ತ್ರ. ಹಿಂದಿನ ಸಂಜೆ ಅದನ್ನು ಚೀಲದಿಂದ ತೆಗೆದು ಅಡಗಿಸಿಡಲು ನಾನು ಮರೆತಿದ್ದೆ, ಅವಳು ಒಗೆಯಲು ನೆನೆಹಾಕಿದ್ದಳು.

"ಗಾಲಿ ಬೆಳ್ಳಗದಾವ್ರಿ" ಎಂದಳು. "ವಸ್ತ್ರ ಕರ್ರಗಾಗೇತಿ."

ಅದು ಖಾದರಸಾಬರದು ಎನ್ನಬೇಕೆಂದು ನಾಲಿಗೆಯ ತುದಿಗೆ ಬಂತು. ಮೂಲೆಯಲ್ಲಿ ಅವಳೇ ಕೆಂಪು ದಾರದಿಂದ ಹಾಕಿದ ನನ್ನ ಹೆಸರಿನ ಮೊದಲ ಅಕ್ಷರ ಕಪ್ಪಿನೊಳಗಿಂದಲೂ ಕಾಣುತ್ತಿತ್ತು. ಚಾವಿ ಕೊಟ್ಟೆ.

ಆ ತಿಂಗಳು ನಾನು ಯಲಬುರ್ಗಾ ಬಸ್ಸಿನಲ್ಲಿ ನಿಂತು ಹೋದೆ. ನಿಂತು ಹೋಗುವುದು ಎಂದರೇನೆಂದು ಮತ್ತೆ ಗೊತ್ತಾಯಿತು. ಅವಳು ದಿನಾ ಸಂಜೆ ನಗುನಗುತ್ತ ಬರುತ್ತಿದ್ದಳು, ಪಾದ ಒತ್ತಿಕೊಳ್ಳುತ್ತಿರಲಿಲ್ಲ. ನಾನು ದಿನಾ ಸಂಜೆ ಬಗ್ಗಿ ಗಾಲಿ ನೋಡುತ್ತಿದ್ದೆ. ರಸ್ತೆಯ ಧೂಳು ಇತ್ತು, ಒಮ್ಮೆ ಯಾವುದೋ ಹುಡುಗನ ಸೀಸದಕಡ್ಡಿಯ ಗೀಚು ಇತ್ತು, ಕಪ್ಪು ಮಾತ್ರ ಇರಲಿಲ್ಲ. ಬ್ರೇಕೇ ಕೆಲಸ ಮಾಡುತ್ತಿಲ್ಲವೆಂದು ಗಾಬರಿಯಾಗಿ ಗ್ಯಾರೇಜಿಗೆ ಒಯ್ದೆ. ಬ್ರೇಕ್ ಸರಿಯಾಗಿತ್ತು. ಕೊನೆಗೆ ಮಾನ ಬಿಟ್ಟು ಅವಳನ್ನೇ ಕೇಳಿದೆ.

"ಮುಂದ ಹಂಪ್ಸ್ ಐತಂತ ದೂರದಿಂದನ ಕಾಣಸ್ತೈತಲ್ರಿ, ಆವಾಗನ ಕಾಲು ತಗೀತೀನಿ. ಗಾಡಿ ತಾನ ಮೆತ್ತಗಾಕ್ಕೈತಿ" ಎಂದಳು. "ಸಾಲ್ಯಾಗ ಒಂದು ಕೋಣಿ ತುಂಬ ಹುಡುಗರನ್ನ ಬರೇ ಕಣ್ಣೀಲೆ ನಿಲ್ಲಸ್ತೀನಿ. ಒಂದು ಗಾಡಿ ನಿಲ್ಲಸೂದು ಏನ್ ದೊಡ್ಡದು?"

ನನ್ನನ್ನೂ ಇಷ್ಟು ವರ್ಷ ಅವಳು ಹಾಗೆಯೇ ನಿಲ್ಲಿಸಿಕೊಂಡು ಬಂದಿದ್ದಾಳೆಂದು ಆಗ ಹೊಳೆಯಿತು. ಸಿಟ್ಟು ಬರಲಿಲ್ಲ, ಹೆಮ್ಮೆಯೇ ಆಯಿತು. ಆದರೆ ಹೇಳಲಿಲ್ಲ. ಹೇಳಿದರೆ ಅದು ದಾಖಲೆಯಾಗುತ್ತದೆ.

ಮುಂದಿನ ಅಮಾವಾಸ್ಯೆ ಬಂತು, ಹೋಯಿತು, ಚಾವಿ ಮಾತ್ರ ಅವಳ ಪರ್ಸಿನಿಂದ ಹೊರಗೆ ಬರಲಿಲ್ಲ. ಒಂದು ಶನಿವಾರ ಆಂಜನೇಯನ ದರ್ಶನಕ್ಕೆಂದು ಹನುಮನಹಳ್ಳಿಯ ಬೆಟ್ಟಕ್ಕೆ ಹೊರಟೆವು. ಓಡಿಸಿದವಳು ಅವಳೇ. ನಾನು ಎಡಗಡೆ ಕೂತೆ. ಗಂಗಾವತಿ ಹತ್ತಿರ ಬರುತ್ತಿದ್ದಂತೆ ಭತ್ತದ ಲಾರಿಗಳು, ಆಟೋಗಳು, ಎದುರಿಗೆ ನುಗ್ಗುವ ಮೋಟರ್ ಸೈಕಲ್ಲುಗಳು. ಅವಳು ಯಾವುದಕ್ಕೂ ಅವಸರಪಡಲಿಲ್ಲ. ನಾನು ಮಾತ್ರ ಪ್ರತಿ ಲಾರಿಗೂ ಬಲಗಾಲಿನಿಂದ ಮುಂದಿನ ಮ್ಯಾಟನ್ನು ಜೋರಾಗಿ ತುಳಿದೆ. ಇಲ್ಲದ ಬ್ರೇಕನ್ನು ಅಷ್ಟು ದೂರ ಒತ್ತಿಕೊಂಡು ಬಂದದ್ದರಿಂದ ಬೆಟ್ಟದ ಬುಡದಲ್ಲಿ ಇಳಿಯುವಾಗ ನನ್ನ ಮೀನಖಂಡ ಗಂಟು ಕಟ್ಟಿತ್ತು, ಮೆಟ್ಟಿಲು ಹತ್ತುವ ಸ್ಥಿತಿ ಇರಲಿಲ್ಲ. ನೀವು ಇಲ್ಲಿಯೇ ನೆರಳಿಗೆ ಕೂಡಿರಿ, ನಿಮ್ಮ ಹೆಸರಿನಲ್ಲಿಯೂ ಕಾಯಿ ಒಡೆಸುತ್ತೇನೆ ಎಂದು ಹೇಳಿ ಅವಳು ಪರ್ಸ್ ಹೆಗಲಿಗೇರಿಸಿ, ಸೀರೆಯ ನೆರಿಗೆ ಎತ್ತಿ ಹಿಡಿದು ಜನರ ಜೊತೆ ಹತ್ತತೊಡಗಿದಳು.

ನಾನು ಮುಂದಿನ ಗಾಲಿಯ ಹತ್ತಿರ ಕಲ್ಲಿನ ಮೇಲೆ ಕೂತು ಕಾಲು ತಿಕ್ಕಿಕೊಂಡೆ. ಸುಮ್ಮನೆ ಕೂತರೆ ನೋಡಿದವರು ಏನಂದುಕೊಳ್ಳುತ್ತಾರೋ ಎಂದು ಬೆಳ್ಳಗಿದ್ದ ಗಾಲಿಯನ್ನೇ ಕರವಸ್ತ್ರದಿಂದ ಒರೆಸತೊಡಗಿದೆ. ಅಷ್ಟರಲ್ಲಿ ಹಿಂದೆ ನಿಂತಿದ್ದ ಕ್ರೂಸರ್ ಜೀಪಿನಿಂದ ಒಬ್ಬ ಯುವಕ ಇಳಿದು ಬಂದ.

"ಡ್ರೈವರ್ ಸಾಹೇಬ್ರ, ಗಾಡಿ ಚೂರು ಮುಂದ ತಗೋರಿ. ನಮ್ಮದು ಹೊರಗ ಬೀಳವಲ್ದು" ಎಂದ.

ಗಾಡಿಯನ್ನು ಹೀಗೆ ಅಡ್ಡ ನಿಲ್ಲಿಸಿದವರು ಯಾರು ಎಂದು ಕೇಳಲು ಬಾಯಿ ತೆರೆದೆ. ಹಿಂದಿನ ಜನರೆಲ್ಲ ನನ್ನನ್ನೇ ನೋಡುತ್ತಿದ್ದರು. ಮೇಲೆ ನೋಡಿದೆ. ಮೆಟ್ಟಿಲುಗಳ ಬಹಳ ಎತ್ತರದಲ್ಲಿ ಅವಳ ಹಸಿರು ಸೀರೆ ನಿಧಾನವಾಗಿ, ಎಲ್ಲಿಯೂ ನಿಲ್ಲದೆ ಏರುತ್ತಿತ್ತು.

"ಡ್ರೈವರ್ ಗುಡ್ಡಾ ಹತ್ಯಾರ್ರಿ" ಎಂದೆ. "ನಾ ಅವರ ಕೂಡ ಬಂದಾಂವ."