ಅಧ್ಯಕ್ಷರ ಸಂದೇಶ ಎಲ್ಲಿಡೋಣ?

ಜನರ ಕೈಗೆ ಒಂದಿಷ್ಟು ಚೀಟಿ ಕೊಟ್ಟು "ನಿಮಗೆ ಸರಿ ಕಂಡ ಹಾಗೆ ಜೋಡಿಸಿ" ಅಂದರೆ, ನಾವು ಅಂದುಕೊಂಡದ್ದು ಒಂದೂ ಆಗುವುದಿಲ್ಲ. ಗೊತ್ತಿದ್ದೂ ನಾನು ಮತ್ತೆ ಮತ್ತೆ ಕೊಟ್ಟೆ, ಮತ್ತೆ ಮತ್ತೆ ಪೇಚಿಗೆ ಸಿಕ್ಕಿಕೊಂಡೆ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೊರಬದ ಬಸ್ ನಿಲ್ದಾಣದ ಹತ್ತಿರ ನನ್ನದೊಂದು ಟೈಪಿಂಗ್ ಶಾಲೆ. ಆರು ಟೈಪ್‌ರೈಟರ್‌ಗಳ ಪಕ್ಕದಲ್ಲಿ ಹೊಸದಾಗಿ ಒಂದು ಕಂಪ್ಯೂಟರ್ ತಂದಿಟ್ಟಿದ್ದೆ. ಅದನ್ನು ಕೇಳಿ ಶಿಕಾರಿಪುರದಿಂದ ಒಬ್ಬ ನಿವೃತ್ತ ಹೆಡ್‌ಮೇಷ್ಟ್ರು ಬಂದರು. ಸಣ್ಣದೊಂದು ಸಂಘ ಕಟ್ಟಿಕೊಂಡು ಅದಕ್ಕೆ ತಾವೇ ಅಧ್ಯಕ್ಷರಾಗಿದ್ದರು. ಯಾವ ಕೆಲಸಕ್ಕೆ ಯಾವ ಕಾಗದ ಬೇಕು ಅಂತ ಎರಡು ತಾಲ್ಲೂಕಿನ ಜನರಿಗೂ ತಿಳಿಸುವ ವೆಬ್‌ಸೈಟ್ ಬೇಕಂತೆ. ಇಂಟರ್ನೆಟ್ಟಿಗೆ ಏರಿಸಬೇಕಾದರೆ ನಮ್ಮ ಪುಟಗಳನ್ನು ಫ್ಲಾಪಿಯಲ್ಲಿ ಹಾಕಿಕೊಂಡು ಶಿವಮೊಗ್ಗಕ್ಕೆ ಹೋಗಬೇಕಾದ ಕಾಲ ಅದು.

"ಇಲ್ಲಿ ಅದನ್ನ ನೋಡೋರು ಯಾರು ಮೇಷ್ಟ್ರೇ?" ಅಂದೆ.

"ಪ್ರಿಂಟ್ ತೆಗೆದು ಗೋಡೆಗೆ ಹಚ್ರಿ, ಎಲ್ಲಾರೂ ನೋಡ್ತಾರ" ಅಂದರು.

ಪಟ್ಟಿಯನ್ನೂ ಅವರೇ ತಂದಿದ್ದರು, ಪಠ್ಯಪುಸ್ತಕದ ಪಾಠಗಳ ಹಾಗೆ. ಮೊದಲ ಪುಟ ಅಧ್ಯಕ್ಷರ ಸಂದೇಶ, ಫೋಟೋ ಸಮೇತ. ಆಮೇಲೆ ಇತಿಹಾಸ, ಭೂಗೋಳ, ಆರೋಗ್ಯ, ಕೃಷಿ.

ಅದೇ ವಾರ ಚಂದ್ರಗುತ್ತಿ ಕಡೆಯ ಒಬ್ಬ ಹೆಂಗಸು ಮೂರನೇ ಸಲ ನನ್ನ ಬಾಗಿಲಿಗೆ ಬಂದರು. ಗಂಡ ತೀರಿಕೊಂಡಿದ್ದ. ಗದ್ದೆ ಇನ್ನೂ ಅವನ ಹೆಸರಲ್ಲೇ ಇತ್ತು, ಮೈದುನ ಆಗಲೇ ಅದರಲ್ಲಿ ನೇಗಿಲು ಹೂಡಿದ್ದ. ಗದ್ದೆ ತನ್ನ ಹೆಸರಿಗೆ ಆಗಬೇಕು, ಅರ್ಜಿ ಹೊಡೆದು ಕೊಡಿ ಅನ್ನುತ್ತಿದ್ದರು. ಹಿಂದೆ ಎರಡು ಸಲ ಹೊಡೆದು ಕೊಟ್ಟಿದ್ದೆ. ಎರಡು ಸಲವೂ ಯಾವುದೋ ಒಂದು ಕಾಗದ ಇಲ್ಲ ಅಂತ ವಾಪಸ್ಸು ಬಂದಿದ್ದರು. ಮೇಷ್ಟ್ರ ಪಟ್ಟಿಯಲ್ಲಿ ಹುಡುಕಿದೆ. ಮರಣ ಪತ್ರ ಆರೋಗ್ಯದಲ್ಲಿ, ಪಹಣಿ ಕೃಷಿಯಲ್ಲಿ, ವಂಶವೃಕ್ಷ ಇತಿಹಾಸದಲ್ಲಿ!

ಒಂದೊಂದು ವಿಷಯವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಜನರಿಂದಲೇ ಗುಂಪು ಮಾಡಿಸಿದರೆ ವೆಬ್‌ಸೈಟನ್ನು ಹೇಗೆ ಜೋಡಿಸಬೇಕು ಅಂತ ತಿಳಿಯುತ್ತದೆ ಎಂದು ಕಂಪ್ಯೂಟರ್ ಪತ್ರಿಕೆಯೊಂದರಲ್ಲಿ ಓದಿದ್ದೆ. ಮಾಡಿ ನೋಡೋಣ ಅಂದೆ. ಮೇಷ್ಟ್ರು ಒಪ್ಪಿದರು, ತಮ್ಮ ಪಟ್ಟಿಯೇ ಗೆಲ್ಲುತ್ತದೆ ಅನ್ನುವ ಧೈರ್ಯದಲ್ಲಿ.

ಹಿಂದೊಂದು ಮುಂದೊಂದು

ಗಟ್ಟಿ ಕಾಗದಕ್ಕೆ ಪಕ್ಕದ ಪ್ರೆಸ್ಸಿಗೆ ಹೋದೆ. ಶಿಕಾರಿಪುರದವರೂ ಅಲ್ಲೇ ಅಚ್ಚು ಹಾಕಿಸುತ್ತಿದ್ದರು. ಮಿಕ್ಕುಳಿದ ಮದುವೆ ಕಾರ್ಡುಗಳ ಕಟ್ಟು ಕೊಟ್ಟರು, ಹಿಂಬದಿ ಖಾಲಿ. ಅದರ ಮೇಲೆ ಚಂದವಾಗಿ ಬರೆದುಕೊಂಡು ಶಿಕಾರಿಪುರದಲ್ಲಿ ಮೇಷ್ಟ್ರ ಮನೆ ಜಗಲಿಗೆ ಒಯ್ದೆ.

ಮೊದಲು ಕೂತವರು ಅವರ ಪಕ್ಕದ ಮನೆಯ ಜವಳಿ ವ್ಯಾಪಾರಿ. ಕನ್ನಡಕ ಏರಿಸಿ ಅರ್ಧ ಗಂಟೆ ಒಂದೇ ಮನಸ್ಸಿನಿಂದ ಜೋಡಿಸಿದರು. ನಾಲ್ಕು ಗುಂಪು ಅಚ್ಚುಕಟ್ಟಾಗಿ ಬಿದ್ದವು. ನಾನು ಪುಸ್ತಕ ತೆಗೆದು, "ಈ ಗುಂಪು ಯಾವುದು ಸರ್?" ಅಂದೆ.

"ಇವು ನಮ್ಮ ಬೀಗರ ಕಡಿವು. ಇವು ನಮ್ಮ ಅಂಗಡ್ಯಾಗ ಬಟ್ಟೆ ತಗೊಂಡೋರವು. ಇವರು ದಾವಣಗೆರಿಗೆ ಹೋಗಿ ತಗೊಂಡೋರು."

ಕಾರ್ಡುಗಳನ್ನೆಲ್ಲ ಮಗುಚಿ ಮದುವೆಗಳನ್ನು ಜೋಡಿಸಿದ್ದರು. ನಾಲ್ಕನೆಯ ಗುಂಪಿನಲ್ಲಿ ಒಂದೇ ಕಾರ್ಡು. ಅದನ್ನು ಮೇಷ್ಟ್ರ ಮುಂದೆ ಹಿಡಿದು, "ಇದು ನಿಮ್ಮ ಮಗಳ ಮದುವಿದು. ನಮಗ ಯಾಕ ಬಂದಿಲ್ಲ ಹೇಳ್ರಿ" ಅಂದರು.

ಹಕ್ಕಿಗಳ ಪಾಲು

ಮಾರನೆಯ ದಿನ ಮದುವೆಯ ಬದಿಗೆಲ್ಲ ಬಿಳಿ ಹಾಳೆ ಅಂಟಿಸಿದೆ. ಅವತ್ತು ಕೂತವರು ಅಂಜನಾಪುರದ ಒಬ್ಬ ರೈತರು, ಮೇಷ್ಟ್ರ ಹಳೇ ಶಿಷ್ಯ. ಪಟಪಟನೆ ಎರಡು ಗುಂಪು ಮಾಡಿ ಕೈ ಕೊಡವಿಕೊಂಡರು.

"ಇದು ಒಂದ ಸಲಕ್ಕ ಆಗೋದು. ಇದು ನಾಳಿ ಬರ್ರಿ ಅನ್ನೋದು."

ಮೊದಲನೆಯದರಲ್ಲಿ ಎರಡೋ ಮೂರೋ ಇದ್ದವು. ಮೇಷ್ಟ್ರು ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ಓದಿದ ನಾವಿಬ್ಬರೂ ಹಾಗೆ ಯೋಚನೆಯನ್ನೇ ಮಾಡಿರಲಿಲ್ಲ.

ಮೇಷ್ಟ್ರ ಭೂಗೋಳದ ಪಾಲಿನ ಗುಡವಿ ಪಕ್ಷಿಧಾಮದ ಚೀಟಿ ಅವರ ಮಡಿಲಲ್ಲೇ ಉಳಿದಿತ್ತು. "ಅದು ಯಾವ ಗುಂಪಿಗೆ?" ಅಂದೆ.

"ಯಾವುದಕ್ಕೂ ಅಲ್ರಿ. ಆ ಹಕ್ಕಿಗಳು ಎಲ್ಲೆಲ್ಲಿಂದಲೋ ಬರ್ತಾವು, ಗೂಡು ಕಟ್ಟತಾವು, ಮರಿ ಮಾಡಿಕೊಂಡು ಹೋಗ್ತಾವು. ಅವನ್ನ ಯಾರರ ಪಹಣಿ ಕೇಳ್ಯಾರೇನ್ರಿ?"

ಸಾಲು

ಕೊನೆಗೆ ಚಂದ್ರಗುತ್ತಿ ಕಡೆಯ ಆ ಹೆಂಗಸಿಗೇ ಚೀಟಿ ಕೊಟ್ಟೆ, ಸೊರಬದಲ್ಲಿ, ನನ್ನ ಶಾಲೆಯಲ್ಲಿ. ಮೇಷ್ಟ್ರೂ ಬಂದಿದ್ದರು. ಆಕೆ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದರು. ಗುಂಪು ಮಾಡಲಿಲ್ಲ. ನೆಲದ ಮೇಲೆ ಹೊಸ್ತಿಲಿನಿಂದ ಗೋಡೆವರೆಗೆ ಒಂದೇ ಸಾಲು ಇಟ್ಟರು. ಮರಣ ಪತ್ರ, ವಂಶವೃಕ್ಷ, ಪಹಣಿ, ಖಾತೆ ಬದಲಾವಣೆ.

"ಇದು ಸಿಕ್ಕಿದ್ರೆ ಇದು ಕೇಳ್ತಾರೆ. ಇದು ಸಿಕ್ಕಿದ್ರೆ ಇದು. ನಂಗೆ ತಿರುಗಿ ತಿರುಗಿ ಗೊತ್ತಾತು ಟೀಚರೇ."

ನನಗೆ ನಾಚಿಕೆಯಾಯಿತು. ಎರಡು ಸಲ ಅರ್ಜಿ ಹೊಡೆದು ಕೊಟ್ಟವಳು ನಾನು. ಮೊದಲು ಏನಾಯಿತು, ಆಮೇಲೆ ಏನು ಕೇಳಿದರು ಅಂತ ಒಂದು ಸಲವೂ ವಿಚಾರಿಸಿರಲಿಲ್ಲ. ನಮಗೆ ಬೇಕಾಗಿದ್ದ ಪುಟ ಅಲ್ಲಿ ನೆಲದ ಮೇಲೆ ಸಿದ್ಧವಾಗಿ ಬಿದ್ದಿತ್ತು.

ಆದರೆ ಸಾಲಿನ ತುದಿಗೆ, ಮರಣ ಪತ್ರಕ್ಕಿಂತ ಮೊದಲು, ಆಕೆ ಇನ್ನೊಂದು ಚೀಟಿ ಇಟ್ಟಿದ್ದರು. ಅಧ್ಯಕ್ಷರ ಸಂದೇಶ.

ಮೇಷ್ಟ್ರ ಮುಖ ಅರಳಿತು. "ನೋಡಿದ್ರಾ? ನಾ ಹೇಳಿರಲಿಲ್ಲೇನು! ಯಾಕಮ್ಮ ಇದು ಮೊದಲು?"

"ಅಧ್ಯಕ್ಷರು ಅಂದ್ರೆ ದೊಡ್ಡೋರಲ್ವಾ? ಅವ್ರು ಜೊತೆಗೆ ಬಂದ್ರೆ ಉಳಿದಿದ್ದು ಸಲೀಸಾಗಿ ಆಗ್ತದೆ. ಅಧ್ಯಕ್ಷರು ನೀವೇ ಅಂತ ಟೀಚರು ಹೇಳಿದ್ರು. ಯಾವತ್ತು ಬರ್ತೀರಿ?"

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಕಂಪ್ಯೂಟರಿನ ಧೂಳು ಒರೆಸತೊಡಗಿದೆ.

ಸೋಮವಾರ ಇಸ್ತ್ರಿ ಮಾಡಿದ ಜುಬ್ಬಾ, ಹೆಗಲ ಮೇಲೆ ಶಾಲು ಹಾಕಿಕೊಂಡು ಆಕೆಯ ಜೊತೆ ತಾಲ್ಲೂಕು ಕಚೇರಿಗೆ ಹೋದರು. ಸಂಜೆ ನನ್ನ ಬೆಂಚಿನ ಮೇಲೆ ಬಂದು ಕೂತಾಗ ಶಾಲು ಮಡಿಚಿ ಕಂಕುಳಲ್ಲಿತ್ತು. ಪ್ರತಿ ಕಾಗದದ ಎರಡು ನಕಲು ಬೇಕಿತ್ತು, ಇವರು ಒಂದೊಂದೇ ಮಾಡಿಸಿದ್ದರು. ಜೆರಾಕ್ಸ್ ಮಾಡಿಸಿಕೊಂಡು ಓಡಿ ಬರುವಷ್ಟರಲ್ಲಿ ಊಟದ ಹೊತ್ತಾಗಿ ಕಚೇರಿ ಬಾಗಿಲು ಹಾಕಿತ್ತು. ಆಕೆ ಬುತ್ತಿ ಬಿಚ್ಚಿ ಅರ್ಧ ರೊಟ್ಟಿ ಇವರಿಗೆ ಕೊಟ್ಟರಂತೆ. ಅದನ್ನು ಹೇಳುವಾಗ ಮೇಷ್ಟ್ರ ದನಿ ಸಣ್ಣದಾಯಿತು. ಆದರೂ ಬಿಡಲಿಲ್ಲ, ಮತ್ತೆ ಎರಡು ಸಲ ಹೋದರು.

ಮುಂದಿನ ಪಹಣಿಯಲ್ಲಿ ಆಕೆಯ ಹೆಸರು ಬಂತು. ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದು ನನಗೆ ತೋರಿಸಿದರು. ತಮ್ಮ ಹೆಸರಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು.

ನಾವು "ಮನೆಯಲ್ಲಿ ಯಾರಾದರೂ ತೀರಿಕೊಂಡರೆ" ಅಂತ ತಲೆಬರಹ ಕೊಟ್ಟು, ಆಕೆ ಇಟ್ಟ ಸಾಲನ್ನೇ ಪುಟ ಮಾಡಿ ಗೋಡೆಗೆ ಹಚ್ಚಿದೆವು. ಮೊದಲ ಜಾಗ ಮಾತ್ರ ಖಾಲಿ ಬಿಟ್ಟಿದ್ದೆ. ಮೇಷ್ಟ್ರು ಫೋಟೋ ಬೇಡ ಅಂದರು. ತಮ್ಮ ಕೈಬರಹದ ಒಂದು ಚೀಟಿ ಕೊಟ್ಟು, ಇದನ್ನೇ ಹೊಡೀರಿ ಅಂದರು. ಒಂದಕ್ಷರವನ್ನೂ ಬದಲಿಸದೆ ಹೊಡೆದೆ:

"ಅಧ್ಯಕ್ಷರ ಸಂದೇಶ. ಎಲ್ಲದಕ್ಕೂ ಎರಡೆರಡು ಜೆರಾಕ್ಸ್ ಇರಲಿ. ಊಟದ ಹೊತ್ತಿಗೆ ಮುಂಚೆ ಹೋಗಿ. ಬುತ್ತಿ ಒಯ್ಯಿರಿ. ಅಧ್ಯಕ್ಷರನ್ನು ಒಯ್ದು ಪ್ರಯೋಜನವಿಲ್ಲ."