ಮೂರು ಬೆರಳಿನ ಮಡಿಕೆ

ರಾಯದುರ್ಗದ ಹುಡುಗಿಯರು ಹತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ಎಷ್ಟು ಎತ್ತರ ಬೆಳೆಯಬೇಕು ಎಂದು ತೀರ್ಮಾನಿಸುವುದು ದೇವರೂ ಅಲ್ಲ, ಅವರವರ ಅಪ್ಪ ಅಮ್ಮನ ಮೈಕಟ್ಟೂ ಅಲ್ಲ. ನನ್ನ ನೆಗೆಣ್ಣಿ! ಅಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಂಬದಿದ್ದರೆ ಬಿಡಿ. ನಾನೂ ಮೊದಮೊದಲು ನಂಬಿರಲಿಲ್ಲ. ಬಳ್ಳಾರಿಯ ಕಾನ್ವೆಂಟಿನಲ್ಲಿ ನನ್‌ಗಳ ಕೈಕೆಳಗೆ ಕಲಿತವಳು ನಾನು, ಎಲ್ಲದಕ್ಕೂ ಪ್ರೂಫ್ ಕೇಳುವ ಚಾಳಿ. ಐವತ್ತು ವರ್ಷಕ್ಕೂ ಮೇಲೆ ಒಂದೇ ಪಡಸಾಲೆಯಲ್ಲಿ ಕೂತು ನೋಡಿದ ಮೇಲೆ, ಫ್ರಾಂಕ್ಲಿ, ಪ್ರೂಫ್ ಕೇಳುವುದನ್ನೇ ಬಿಟ್ಟಿದ್ದೇನೆ.

ಅಕ್ಕ ಅಂತಲೇ ನಾನು ಕರೆಯುವುದು. ಹೈಸ್ಕೂಲು ಹುಡುಗಿಯರ ಯೂನಿಫಾರ್ಮ್ ಹೊಲಿಯುವ ಟೈಲರ್. ವಯಸ್ಸು ಎಂಬತ್ತಕ್ಕೆ ಎರಡು ಕಡಿಮೆ. ಕೊರಳಲ್ಲಿ ಇಂಚು ಟೇಪು ಹಾರದ ಹಾಗೆ ಸದಾ ನೇತಾಡುತ್ತದೆ, ಆದರೆ ಅದರಿಂದ ಅವಳು ಯಾರನ್ನೂ ಅಳೆದದ್ದನ್ನು ನಾನು ಕಂಡಿಲ್ಲ. ಬೆಕ್ಕು ಓಡಿಸಲು ಬೀಸಿದ್ದು ಕಂಡಿದ್ದೇನೆ. ಮುಚ್ಚಳ ಹೋದ ಹಪ್ಪಳದ ಡಬ್ಬಿಗೆ ಕಟ್ಟಿದ್ದೂ ಕಂಡಿದ್ದೇನೆ. ಅಳತೆಗೆ ಮಾತ್ರ ಅವಳ ಕಣ್ಣೇ ಬೇಕು. ಹುಡುಗಿಯನ್ನು ಬಾಗಿಲಲ್ಲಿ ನಿಲ್ಲಿಸಿ, ಒಂದು ಕಣ್ಣು ಮುಚ್ಚಿ, ತಲೆಯಿಂದ ಪಾದದವರೆಗೆ ಒಮ್ಮೆ ನೋಡುವುದು. ಆಮೇಲೆ, "ಮೂರು ಬೆರಳು" ಎನ್ನುವುದು. ಮುಗಿಯಿತು.

"ಅಕ್ಕ, ಟೇಪಿನ ಮ್ಯಾಲ ನಿನಗ್ಯಾಕ ಇಷ್ಟು ಸಿಟ್ಟು?" ಎಂದು ಒಮ್ಮೆ ಕೇಳಿದ್ದೆ.

"ಟೇಪು ಇವತ್ತು ನಿಂತಿರೋ ಹುಡುಗಿನ್ನ ಅಳೀತೈತಿ, ಕಾನ್ವೆಂಟು. ನಾ ಹತ್ತನೇ ಕ್ಲಾಸಿನಾಗ ಇರೋ ಹುಡುಗಿನ್ನ ಅಳೀಬೇಕು."

ಕಾನ್ವೆಂಟು ಅಂದರೆ ನಾನೇ. ಈ ಮನೆಗೆ ಬಂದ ವಾರದಿಂದ ಅದೇ ನನ್ನ ಹೆಸರು.

ಬೆರಳಿನ ಲೆಕ್ಕ ಗೊತ್ತಿಲ್ಲದವರಿಗೆ ಹೇಳಬೇಕು. ಎಂಟನೇ ಕ್ಲಾಸಿಗೆ ಸೇರಿದ ಹುಡುಗಿಗೆ ಅಕ್ಕ ಲಂಗ ಹೊಲಿದರೆ, ಕೆಳಗಿನ ಅಂಚಿನ ಒಳಗೆ ಮೂರು ಮಡಿಕೆ ಬಚ್ಚಿಡುತ್ತಿದ್ದಳು, ಒಂದೊಂದು ಮಡಿಕೆ ಒಂದು ಬೆರಳಗಲ. ಒಂಬತ್ತಕ್ಕೆ ಹೋದಾಗ ಒಂದು ಬಿಚ್ಚುವುದು, ಹತ್ತಕ್ಕೆ ಇನ್ನೊಂದು. ಮೂರನೆಯದು ಯಾಕೆ ಅಂದರೆ, "ಇರ್ಲಿ, ಕೂಸು ಬೆಳೀತೈತಿ." ನಮ್ಮೂರಿನ ಬಿಸಿಲಿಗೆ, ಬಾರ್ ಸೋಪಿಗೆ ಲಂಗದ ಮೇಲ್ಭಾಗ ಬಣ್ಣ ಬಿಟ್ಟಿರುತ್ತಿತ್ತು, ಹೊಸದಾಗಿ ಬಿಚ್ಚಿದ ಪಟ್ಟಿ ಮಾತ್ರ ಕಡುನೀಲಿ. ಮಿಲಿಟರಿಯವರಿಗೆ ತೋಳಿನ ಮೇಲೆ ಪಟ್ಟಿ, ನಮ್ಮೂರ ಹುಡುಗಿಯರಿಗೆ ಲಂಗದ ಮೇಲೆ! ಒಂದು ಪಟ್ಟಿ ಅಂದರೆ ಒಂಬತ್ತು, ಎರಡು ಪಟ್ಟಿ ಅಂದರೆ ಹತ್ತು. ನಾನು ಇದೇ ಊರಿನ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಟೀಚರಾಗಿದ್ದೆ. ಅಪ್ಪಿತಪ್ಪಿ ಬೇರೆ ಕ್ಲಾಸಿಗೆ ನುಗ್ಗಿದರೆ ಮುಖ ನೋಡಿ ಅಲ್ಲ, ಲಂಗ ನೋಡಿ "ಸಾರಿ, ಗರ್ಲ್ಸ್" ಅಂತ ವಾಪಸು ಬರುತ್ತಿದ್ದೆ.

ಸಾಲಿ ತೆರೆಯುವ ದಿನ ಒಬ್ಬ ಹುಡುಗಿಯೂ ಹಳೇ ಬಟ್ಟೆಯಲ್ಲಿ ಹೋಗಬಾರದು, ಇದು ಅಕ್ಕನ ಶಪಥ. ಮಿಕ್ಕವರ ಬಟ್ಟೆಯ ಬಗ್ಗೆ ಯಾವ ಶಪಥವೂ ಇಲ್ಲ. ಒಂದು ಸಲ ಒಬ್ಬಳ ಮದುವೆ ಬ್ಲೌಸ್ ಒಪ್ಪಿಕೊಂಡು ಜೂನ್ ತಿಂಗಳೆಲ್ಲ ಮುಟ್ಟಲೇ ಇಲ್ಲ. ಹುಡುಗಿಯ ಅಪ್ಪ ಮೂರು ಸಲ ಬಂದು ನಿಂತ.

"ನಾಡಿದ್ದು ಮದುವಿ ಐತ್ರಮ್ಮಾ."

"ಮದುವಿ ಒಂದು ದಿನ ಮುಂದ ಹೋದ್ರ ಏನೂ ಆಗಂಗಿಲ್ಲ. ಸಾಲಿ ಮುಂದ ಹೋಗ್ತೈತೇನು?"

ಆ ಹುಡುಗಿ ಚಿಕ್ಕಮ್ಮನ ಬ್ಲೌಸಿನಲ್ಲಿ ತಾಳಿ ಕಟ್ಟಿಸಿಕೊಂಡಳು. ಅಕ್ಕ ಹೊಲಿದ ಬ್ಲೌಸು ಕೈಗೆ ಬಂದದ್ದು ಮಗುವಿನ ತೊಟ್ಟಿಲ ಶಾಸ್ತ್ರಕ್ಕೆ. ತೋಳೇ ಏರಲಿಲ್ಲ. ಅಕ್ಕನಿಗೆ ನಾಚಿಕೆಯೇ? "ನಾ ನೋಡಿದಾಗ ಸರಿ ಇದ್ಲು. ತಡಾ ಮಾಡಿದ್ದು ನೀವು" ಎಂದು ಕಳಿಸಿದಳು.

ಅವಳ ಲೆಕ್ಕ ತಪ್ಪಿದ್ದೇ ಇಲ್ಲವೇ ಅಂತೀರಾ? ಒಮ್ಮೆ ತಪ್ಪಿತು. ಡಿ. ಹಿರೇಹಾಳ್ ಕಡೆಯಿಂದ ಬಂದು ಹಾಸ್ಟೆಲಿನಲ್ಲಿದ್ದ ಹುಡುಗಿ, ಹತ್ತನೇ ಕ್ಲಾಸಿಗೆ ಬಂದರೂ ಎಂಟರಲ್ಲಿ ಇದ್ದಷ್ಟೇ ಇದ್ದಳು. ಅಕ್ಕ ಅವಳನ್ನು ಬಾಗಿಲಲ್ಲಿ ನಿಲ್ಲಿಸಿ ನೋಡಿದಳು, ಹೋಮ್‌ವರ್ಕ್ ಮಾಡದವಳನ್ನು ನಾನು ನೋಡುತ್ತಿದ್ದ ಹಾಗೆ.

"ಮೂರು ಬೆರಳು ಹೇಳಿದ್ದೆ. ಒಂದೂ ಬೆಳದಿಲ್ಲ. ಏನು ಮಾಡ್ತಿದ್ದಿ ಇಷ್ಟು ದಿನ?"

"ಓದ್ತಿದ್ದೆ, ಅಜ್ಜಿ."

"ಓದಬ್ಯಾಡ ಅಂದವರು ಯಾರು? ಓದ್ಕೋತ ಬೆಳೀಬೇಕು."

ಅವತ್ತಿನಿಂದ ಆ ಹುಡುಗಿ ಸಂಜೆ ಸಂಜೆ ಪಡಸಾಲೆಗೆ ಬಂದು ಎರಡು ಶೇಂಗಾ ಉಂಡಿ ತಿಂದು ಹೋಗಬೇಕು ಎಂದು ಆರ್ಡರ್ ಆಯಿತು. ಹುಡುಗಿ ವಿಧೇಯಳು, ಮಾರ್ಚಿನವರೆಗೂ ತಿಂದಳು. ಪಬ್ಲಿಕ್ ಪರೀಕ್ಷೆಯ ಹೊತ್ತಿಗೆ ಅಂಚಿನ ಮಡಿಕೆ ಇದ್ದ ಹಾಗೇ ಇತ್ತು, ಸೊಂಟದ ಹೊಲಿಗೆ ಎರಡು ಸಲ ಬಿಚ್ಚಬೇಕಾಯಿತು. "ಉದ್ದ ಬೆಳಿ ಅಂದ್ರ ಅಗಲ ಬೆಳದಾಳ" ಎಂದು ಅಕ್ಕ ಒಂದು ವಾರ ಗೊಣಗಿದಳು.

ಈಗ ಕಾಲ ಬದಲಾಗಿದೆ. ಲಂಗ ಹೋಗಿ ಚೂಡಿದಾರ್ ಬಂದಿದೆ. ಬ್ಯಾಗು, ಬೂಟು, ಬೆಲ್ಟಿನ ಜೊತೆ ಬಟ್ಟೆಯನ್ನೂ ಆಂಧ್ರ ಸರ್ಕಾರವೇ ವರ್ಷಾ ವರ್ಷಾ ಕಿಟ್‌ನಲ್ಲಿ ಹಾಕಿ ಕೊಡುತ್ತದೆ, ಹೊಲಿಸಿಕೊಳ್ಳುವುದಷ್ಟೇ ಮನೆಯವರ ಕೆಲಸ. ಪ್ರತಿ ವರ್ಷ ಹೊಸ ಬಟ್ಟೆ ಬರುವಾಗ ಬೆಳೆಯಲು ಮಡಿಕೆ ಯಾಕೆ ಬೇಕು? ಲಾಜಿಕಲ್ ಪ್ರಶ್ನೆ. ಹೈಸ್ಕೂಲಿನ ತೆಲುಗು ಟೀಚರಮ್ಮನೂ ಅದನ್ನೇ ಕೇಳಿದಳು: "ಎಂದುಕಮ್ಮಾ ಇಂತ ಮಡತ?"

"ವರ್ಷಾ ವರ್ಷಾ ಬಟ್ಟಿ ಕೊಡ್ತಾರಂತ ಹುಡುಗೀರು ಬೆಳಿಯೋದು ಬಿಡ್ತಾರೇನು?" ಎಂದಳು ಅಕ್ಕ. ಟೀಚರಮ್ಮ ನನ್ನ ಮುಖ ನೋಡಿದಳು. ನಾನು ಸೀಲಿಂಗ್ ನೋಡಿದೆ.

ಈ ಜೂನ್‌ನಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮ ಓಣಿಯ ಕೊನೆಯಲ್ಲಿ ಹನುಮಕ್ಕ ಎಂಬಾಕೆ ಇದ್ದಾಳೆ, ನೇಮಕಲ್ಲಿನ ಕಡೆಯವಳು. ಊರಿನ ಟೈಲರುಗಳಿಗೆಲ್ಲ ಕಾಜಾ ಗುಂಡಿ ಹಾಕಿಕೊಡುವುದು, ಬ್ಲೌಸಿಗೆ ಹುಕ್ಕು ಹಚ್ಚುವುದು ಅವಳ ಕೆಲಸ, ಎಲ್ಲ ಕೈಸೂಜಿಯದು. ಗಂಡ ಇಲ್ಲ. ಒಬ್ಬಳೇ ಮಗಳು ಪವಿತ್ರ, ಒಂಬತ್ತು ಪಾಸಾಗಿ ಹತ್ತಕ್ಕೆ ಬಂದವಳು. ಹನುಮಕ್ಕ ಕಿಟ್‌ನ ಬಟ್ಟೆ ತಂದು ಅಕ್ಕನ ಮುಂದೆ ಇಟ್ಟಳು. ಹಿಂದೆ ಪವಿತ್ರ ಬಾಗಿಲ ಚೌಕಟ್ಟು ಕೆರೆಯುತ್ತಾ ನಿಂತಿದ್ದಳು.

"ಅಮ್ಮಾರ, ಇದರಾಗ ನಾಕು ದಿಂಬಿನ ಕವರು ಹೊಲ್ಕೊಡ್ರಿ."

ಅಕ್ಕ ಮೆಷೀನು ನಿಲ್ಲಿಸಿದಳು. "ಇದು ಯೂನಿಫಾರಂ ಬಟ್ಟಿ ಅಲ್ಲೇನು?"

"ಹೌದ್ರಿ. ಈಕಿ ಇನ್ನ ಸಾಲಿಗೆ ಹೋಗಂಗಿಲ್ಲ. ಒಂಬತ್ತು ಆತು, ಸಾಕು. ಮನ್ಯಾಗ ನನ್ನ ಜೊತಿ ಕುಂದ್ರತಾಳ."

ನನಗೆ ಏನೋ ಹೇಳಬೇಕೆನಿಸಿತು. ಮೂವತ್ತು ವರ್ಷ ಪೇರೆಂಟ್ಸ್ ಮುಂದೆ ಭಾಷಣ ಮಾಡಿದವಳು ನಾನು. ಅವತ್ತು ಆ ಬಟ್ಟೆಯ ಮಡಿಕೆ ಸರಿಮಾಡುತ್ತಾ ಕೂತೆ. ಅಕ್ಕನೂ ಭಾಷಣ ಮಾಡಲಿಲ್ಲ. ಒಂದು ಕಣ್ಣು ಮುಚ್ಚಿ ಪವಿತ್ರಳನ್ನು ತಲೆಯಿಂದ ಪಾದದವರೆಗೆ ನೋಡಿದಳು.

ಹನುಮಕ್ಕನಿಗೆ ಗಾಬರಿ. "ಅಮ್ಮಾರ, ದಿಂಬು ಮನ್ಯಾಗ ಅದಾವ್ರಿ. ಈಕಿನ್ನ ಯಾಕ ನೋಡ್ತೀರಿ?"

"ಸುಮ್ನ ನೋಡಿದೆ. ನಾಳಿದ್ದು ಬಾ."

ನಾಳಿದ್ದು! ಬ್ಲೌಸು ಕೊಟ್ಟು ಮೂರು ತಿಂಗಳಾದವರು ಓಣಿಯ ತುಂಬಾ ಇದ್ದಾರೆ. ಅವರಲ್ಲಿ ನಾನೂ ಒಬ್ಬಳು.

ಮೂರನೇ ದಿನ ತಾಯಿ ಮಗಳು ಬಂದರು. ಅಕ್ಕ ಮಡಿಸಿಟ್ಟ ಗಂಟು ಕೊಟ್ಟಳು. ಹನುಮಕ್ಕ ಬಿಚ್ಚಿದರೆ ಒಳಗೆ ಚೂಡಿದಾರ್, ಇಸ್ತ್ರಿ ಹಾಕಿದ್ದು. ಅದರ ಕೆಳಗೆ ಇನ್ನೊಂದು. ಅದರ ಕೆಳಗೆ ಮತ್ತೊಂದು.

"ಇದೇನ್ರಿ ಅಮ್ಮಾರ?"

"ಅಯ್ಯ, ತಪ್ಪಾತವ್ವಾ. ದಿಂಬು ಅಂದದ್ದು ಮರತು ಯೂನಿಫಾರಮ್ಮೇ ಹೊಲ್ದುಬಿಟ್ಟೆ. ವಯಸ್ಸಾತಲ್ಲ, ಮರವು."

"ನೇಮಕಲ್ಲು ಆಂಜನೇಯನ ಆಣಿ ಮಾಡ್ರಿ, ಖರೇನ ಮರತ್ರೇನು?"

"ಆತಗ ನೂರು ಕೆಲಸ ಇರ್ತಾವು. ದಿಂಬಿನ ವಿಷಯಕ್ಕ ಯಾಕ ಕರೀತಿ?"

ಹನುಮಕ್ಕನ ದನಿ ಏರಿತು. "ಹಂಗಾರ ಬಿಚ್ಚಿ ಕೊಡ್ರಿ. ನನಗ ದಿಂಬಿನ ಕವರೇ ಬೇಕು."

"ಬಿಚ್ಚಬಹುದು," ಎಂದಳು ಅಕ್ಕ, ಟಾಪನ್ನು ಎತ್ತಿ ಹಿಡಿದು, ಕತ್ತಿನ ತೂತಿನಿಂದ ಅವಳನ್ನೇ ನೋಡುತ್ತಾ. "ಕುತ್ತಿಗಿ ಇರೋ ದಿಂಬು ಎಲ್ಲಾರ ಇದ್ರ ತೊಗೊಂಡು ಬಾ."

ಪವಿತ್ರ ಕಿಸಕ್ಕನೆ ನಕ್ಕಳು. ಹನುಮಕ್ಕ ನಗಲಿಲ್ಲ. ಹೊಸಿಲ ಮೇಲೆ ಕೂತಳು. ಆಮೇಲೆ ನಿಜ ಹೊರಬಂತು. ಕಣ್ಣು ಮಂಜಾಗಿವೆ. ಹೊಲಿಗೆ ಕೈಗೆ ರೂಢಿ, ಕಣ್ಣು ಮುಚ್ಚಿಯೂ ಹಾಕುತ್ತಾಳೆ, ಆದರೆ ಸೂಜಿಗೆ ದಾರ ಪೋಣಿಸಲು ಆಗುತ್ತಿಲ್ಲ. ದಾರ ಮುಗಿದಾಗಲೆಲ್ಲ ಬೀದಿಗೆ ಬಂದು ಯಾರಾದರೂ ಹೋಗುತ್ತಾರಾ ಎಂದು ಕಾಯುತ್ತಾಳೆ. ಟೈಲರುಗಳಿಗೆ ಗೊತ್ತಾದರೆ ಕೆಲಸ ಕೊಡುವುದಿಲ್ಲ. "ಈಕಿ ಕಣ್ಣು ನನ್ನ ಹತ್ರ ಇರಬೇಕ್ರಿ, ಅಮ್ಮಾರ. ಸಾಲಿ ಬಿಡಸಾಕ ನನಗೇನು ಖುಷಿ ಐತೇನು?"

"ಕಣ್ಣಿನ ಕ್ಯಾಂಪಿಗೆ ಕರ್ಕೊಂಡು ಹೋಗ್ತೀನಿ," ಎಂದೆ ನಾನು, ಕೊನೆಗೂ ಬಾಯಿ ಬಂದು.

"ಹೋಗು. ಅಲ್ಲೀ ತನಕ ಗುಂಡಿ ಕಾಯ್ತಾವೇನು?" ಎಂದ ಅಕ್ಕ ಮೆಷೀನಿನ ಡ್ರಾಯರಿನಿಂದ ಏನೋ ತೆಗೆದು ಹನುಮಕ್ಕನ ಮಡಿಲಿಗೆ ಹಾಕಿದಳು. ಅಂಗೈಯಗಲದ ಒಂದು ದಿಂಬು! ಚೂಡಿದಾರಿನಲ್ಲಿ ಉಳಿದ ಚೂರು ಬಟ್ಟೆಯದು, ಒಳಗೆ ಹತ್ತಿ ತುರುಕಿದ್ದು. ಮೇಲೆ ಸಾಲಾಗಿ ಇಪ್ಪತ್ತು ಸೂಜಿ ಚುಚ್ಚಿದ್ದಳು, ಖಾಲಿ ಸೂಜಿ.

"ನೀ ಹೇಳಿದ ದಿಂಬೂ ಆತು. ಈಕಿ ದಿನಾ ಸಾಲಿಗೆ ಹೋಗೋ ಮುಂಚೆ ಇಪ್ಪತ್ತಕ್ಕೂ ದಾರ ಪೋಣಿಸಿ ಚುಚ್ಚಿ ಹೋಗ್ಲಿ. ನೀ ಒಂದೊಂದು ಕಿತ್ತು ಹೊಲಿ. ಸಂಜೀಕ ಬರೋತನಕ ಸಾಕಾಗ್ತಾವು."

ಹಾಗಾದರೆ ಅವಳಿಗೆ ಮೊದಲೇ ಗೊತ್ತಿತ್ತು! ಹೇಗೆ ಅಂತ ಆಮೇಲೆ ಕೇಳಿದೆ. "ಹೋದ ತಿಂಗಳು ಹಾಕ್ಕೊಟ್ಟ ಹುಕ್ಕೆಲ್ಲ ಒಂದೇ ಉದ್ದ ದಾರದಾಗ ಅದಾವು. ಗಂಟು ಹಾಕಿ ಕತ್ತರಿಸೋ ಧೈರ್ಯ ಇಲ್ಲ ಆಕಿಗೆ, ದಾರ ಸೂಜಿಯಿಂದ ಜಾರಿದ್ರ ಮತ್ತ ಪೋಣಿಸಬೇಕಲ್ಲ" ಎಂದಳು. ಅವಳ ಅಳತೆಗೆ ಟೇಪು ಯಾಕೆ ಬೇಕು ಹೇಳಿ.

ಹನುಮಕ್ಕ ಆ ಪುಟ್ಟ ದಿಂಬನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಪವಿತ್ರ ಆಗಲೇ ದಾರದ ಉಂಡೆ ಹುಡುಕಿ, ತುದಿಯನ್ನು ನಾಲಿಗೆಗೆ ತಾಗಿಸಿ, ಮೊದಲ ಸೂಜಿಗೆ ಪೋಣಿಸಿದ್ದಳು. ಎರಡನೆಯದಕ್ಕೆ. ಮೂರನೆಯದಕ್ಕೆ. ಹೀಗೇ ಇಪ್ಪತ್ತೂ ಆದವು. ಹನುಮಕ್ಕ ಎದ್ದು, ಚೂಡಿದಾರಿನ ಗಂಟನ್ನು ಮಗಳ ಕೈಗೆ ಕೊಟ್ಟಳು. "ನಾಳೆ ಎಷ್ಟೊತ್ತಿಗೆ ನಿಂದು ಪ್ರೇಯರು?" ಎಂದು ಕೇಳಿದಳು.

ಅವರು ಹೋದ ಮೇಲೆ ನಾನು ನಗಬೇಕಿತ್ತು, ಕುತ್ತಿಗೆ ಇರುವ ದಿಂಬಿನ ಮಾತಿಗೆ. ನಗು ಬರಲಿಲ್ಲ. "ತಪ್ಪಾತು, ಮರತೆ" ಎಂಬ ಮಾತನ್ನು ಅದೇ ದನಿಯಲ್ಲಿ ನಾನು ಮೊದಲು ಕೇಳಿದ್ದು ನನ್ನ ಹದಿನಾರನೇ ವಯಸ್ಸಿನಲ್ಲಿ.

ಕಾನ್ವೆಂಟು ಕಾನ್ವೆಂಟು ಎಂದು ಜಂಬ ಕೊಚ್ಚುತ್ತೇನಲ್ಲ, ಅಲ್ಲಿ ನಾನು ಓದಿದ್ದು ಒಂಬತ್ತರವರೆಗೆ. ಆ ಬೇಸಿಗೆಯಲ್ಲಿ ಮದುವೆಯಾಯಿತು. ಟ್ರಂಕಿನ ತಳದಲ್ಲಿ, ರೇಷ್ಮೆ ಸೀರೆಗಳ ಕೆಳಗೆ, ಯಾರಿಗೂ ಹೇಳದೆ ನನ್ನ ನೇವಿ ಬ್ಲೂ ಸ್ಕರ್ಟ್ ಇಟ್ಟುಕೊಂಡು ಈ ಮನೆಗೆ ಬಂದಿದ್ದೆ. ಅತ್ತೆಯ ಕೈಗೆ ಸಿಕ್ಕಿತು. "ಗಟ್ಟಿ ಬಟ್ಟಿ ಐತಿ, ಸಂತಿಗೆ ಒಯ್ಯಾಕ ಚೀಲ ಆಗ್ತೈತಿ" ಎಂದು ಹಿರೀ ಸೊಸೆಯ ಮೆಷೀನಿನ ಮೇಲೆ ಹಾಕಿದರು. ನಾನು ಅಡಿಗೆಮನೆಗೆ ಹೋಗಿ ಈರುಳ್ಳಿ ಹೆಚ್ಚಿದೆ. ಅವತ್ತಿನ ಅಡಿಗೆಗೆ ಈರುಳ್ಳಿ ಬೇಕಿರಲಿಲ್ಲ.

ಮರುದಿನ ಅಕ್ಕ ತಲೆ ಮೇಲೆ ಸೆರಗೆಳೆದುಕೊಂಡು ಅತ್ತೆಯ ಮುಂದೆ ನಿಂತಳು. ಅವಳಿಗಾಗ ಇಪ್ಪತ್ತೈದೂ ತುಂಬಿರಲಿಲ್ಲ. ಕೈಯಲ್ಲಿ ನನ್ನ ಸ್ಕರ್ಟು, ಅಂಚು ಬಿಚ್ಚಿ ಇಸ್ತ್ರಿ ಹಾಕಿದ್ದು.

"ಅತ್ತೀ, ತಪ್ಪಾತ್ರಿ. ಚೀಲ ಅಂದದ್ದು ಮರತು ಮಡಿಕಿ ಬಿಚ್ಚಿಬಿಟ್ಟೆ."

"ಬಿಚ್ಚಿದ್ರ ಏನಾತು? ಈಗ ಕತ್ತರಿಸು."

"ಕತ್ತರಿಸ್ತೀನ್ರಿ. ಒಂದು ವರ್ಷ ಈಕಿ ಸಾಲಿಗೆ ಹಾಕ್ಕೊಂಡು ಹಳೇದಾಗ್ಲಿ. ಇನ್ನಾ ಗಟ್ಟಿ ಇರೋ ಬಟ್ಟಿ ಕತ್ತರಿಸಿದ್ರ ಮಂದಿ ಏನಂತಾರ?"

ಅತ್ತೆ ಒಂದು ವಾರ ಅವಳ ಜೊತೆ ಮಾತು ಬಿಟ್ಟರು, ನನ್ನ ಜೊತೆಯಲ್ಲ. ಎಂಟನೇ ದಿನ ಅಕ್ಕ ನನ್ನನ್ನು ಊರಿನ ಹೈಸ್ಕೂಲಿಗೆ ಕರೆದುಕೊಂಡು ಹೋದಳು. ಆ ವರ್ಷವಿಡೀ ಸ್ಕರ್ಟು ಮೀನಖಂಡದ ಕೆಳಗೆ ತೂಗುತ್ತಿತ್ತು, ಹುಡುಗಿಯರು ನಗುತ್ತಿದ್ದರು. ರಿಸಲ್ಟು ಬಂದ ಮೇಲೆ ಅಕ್ಕ ಮಾತಿನಂತೆ ಅದನ್ನು ಕತ್ತರಿಸಿ ಚೀಲ ಹೊಲಿದಳು. ಅತ್ತೆ ಸಂತೆಗೆ ಒಯ್ದರು. ಅವರ ನಂತರ ಅದು ನನಗೆ ಬಂತು, ಎಷ್ಟೋ ವರ್ಷ ಆನ್ಸರ್ ಪೇಪರುಗಳನ್ನು ಅದರಲ್ಲೇ ಹೊತ್ತಿದ್ದೇನೆ.

ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ. ಅವತ್ತು ಕೇಳಿದೆ.

"ಅಕ್ಕ, ನನ್ನ ಸ್ಕರ್ಟಿನ ಮಡಿಕೀನೂ ಮರತೇ ಬಿಚ್ಚಿದ್ದೇನು?"

ಅವಳು ತಲೆ ಎತ್ತಲಿಲ್ಲ. "ಯಾವ ಸ್ಕರ್ಟು? ನನಗೇನೂ ನೆನಪಿಲ್ಲ ನೋಡು" ಎಂದು ಪೆಡಲ್ ತುಳಿದಳು. ಮೆಷೀನು ಓಡಿತು. ಬಟ್ಟೆಯ ಕೊನೆಯವರೆಗೂ ಓಡಿ ನಿಂತಿತು. ದಾರ ಕತ್ತರಿಸಿ, ಕನ್ನಡಕ ಮೂಗಿನ ತುದಿಗೆ ಇಳಿಸಿ, ಒಂದು ಕಣ್ಣು ಮುಚ್ಚಿ ನನ್ನನ್ನು ತಲೆಯಿಂದ ಪಾದದವರೆಗೆ ನೋಡಿದಳು.

"ಮೂರು ಬೆರಳು ಬಿಚ್ಚಿದ್ದೆ," ಅಂದಳು. "ನೀ ಎರಡೇ ಬೆಳದಿ."